ಕ್ಯೂ ಮೇಷ್ಟ್ರ ನಾಲ್ಕು ಪುಟ

ಚಕ್ರಪಾಣಿಯವರನ್ನು ನಮ್ಮ ಶಾಲೆಯಲ್ಲಿ ಹೆಸರು ಹಿಡಿದು ಕರೆದವರು ಕಡಿಮೆ. ಎದುರಿಗೆ ಸಾರ್, ಬೆನ್ನ ಹಿಂದೆ ಕ್ಯೂ ಮೇಷ್ಟ್ರು. ಆ ಅಡ್ಡಹೆಸರು ಇಟ್ಟವನು ನಾನೇ, ಹೆಮ್ಮರಗಾಲದ ಗಂಗಾಧರಸ್ವಾಮಿ. ಟಿ. ನರಸೀಪುರದ ಒಂದು ಖಾಸಗಿ ಶಾಲೆಯಲ್ಲಿ ನಾನು ಕನ್ನಡ ಪಾಠ ಮಾಡುತ್ತಿದ್ದೆ, ಅವರು ಇಂಗ್ಲಿಷು. ಇಪ್ಪತ್ತಾರು ವರ್ಷ ಸ್ಟಾಫ್ ರೂಮಿನಲ್ಲಿ ಒಂದೇ ಮೇಜಿನ ಆಚೆ ಈಚೆ ಕೂತಿದ್ದೇವೆ. ಅವರ ವಿಷಯ ಬರೆಯುವ ಯೋಗ್ಯತೆ ನನಗಿಲ್ಲ. ಅದನ್ನು ನೀವು ಆಮೇಲೆ ಹೇಳುವ ಬದಲು ನಾನೇ ಮೊದಲು ಹೇಳಿಬಿಡುತ್ತೇನೆ.

ಇಂಗ್ಲಿಷಿನಲ್ಲಿ ಕ್ಯೂ ಅಂತ ಒಂದು ಅಕ್ಷರವಿದೆ. ತೀರಾ ಅಪರೂಪದ್ದು. ಡಿಕ್ಷನರಿಯಲ್ಲಿ ಅದರ ಹಿಂದಿನ ಅಕ್ಷರಕ್ಕೆ ನೂರಾರು ಪುಟ, ಇದಕ್ಕೆ ಹತ್ತೋ ಹನ್ನೆರಡೋ. ಚಕ್ರಪಾಣಿ ಮೈಸೂರಿನಲ್ಲಿ ಬಿ.ಎಡ್. ಓದುವಾಗ ಕಾನ್ವೆಂಟಿನಿಂದ ಬಂದವರ ನಡುವೆ ಬಾಯಿ ಬಿಡಲಾರದೆ ಕೂತಿರುತ್ತಿದ್ದರಂತೆ. ನಂಜನಗೂಡಿನ ಅರ್ಚಕರ ಮನೆತನ. ಮನೆಯಲ್ಲಿ ಸಂಸ್ಕೃತ ಇತ್ತು, ಬೀದಿಯಲ್ಲಿ ಕನ್ನಡ ಇತ್ತು, ಇಂಗ್ಲಿಷು ಪುಸ್ತಕದಲ್ಲಿ ಮಾತ್ರ ಇತ್ತು. ಒಂದು ದಿನ ಹಾಸ್ಟೆಲಿನಲ್ಲಿ ಡಿಕ್ಷನರಿ ತಿರುವುತ್ತ ಕ್ಯೂ ಹತ್ತಿರ ಬಂದು ನಿಂತರಂತೆ. "ಇಡೀ ಇಂಗ್ಲಿಷು ನಮ್ಮಂಥೋರಿಗೆ ದಕ್ಕೋದಲ್ಲ ಸ್ವಾಮಿಗಳೇ. ಒಂದು ಅಕ್ಷರಾನಾದ್ರೂ ಪೂರ್ತಿ ನಂದಾಗಲಿ ಅನ್ನಿಸಿತು" ಅಂತ ಒಮ್ಮೆ ನನ್ನ ಹತ್ತಿರ ಹೇಳಿದ್ದರು. ಆಗ ನನಗೆ ನಗು ಬಂದಿತ್ತು.

ಕ್ಯೂನಿಂದ ಶುರುವಾಗುವ ಪದಗಳು ಒಂದೇ ಬೇಸಿಗೆಯಲ್ಲಿ ಮುಗಿದುಹೋದವು. ಆಮೇಲೆ ಹೊಟ್ಟೆಯೊಳಗೆ ಕ್ಯೂ ಬಚ್ಚಿಟ್ಟುಕೊಂಡ ಪದಗಳ ಬೆನ್ನು ಹತ್ತಿದರು. ಅವು ಯಾವ ಪುಟದಲ್ಲಿ ಇರುತ್ತವೋ ಗೊತ್ತಿಲ್ಲ, ಇಡೀ ಡಿಕ್ಷನರಿ ಜಾಲಾಡಬೇಕು. ಪದ ಉದ್ದ ಇದ್ದಷ್ಟೂ ಅವರಿಗೆ ಖುಷಿ. ಹತ್ತು ಅಕ್ಷರಕ್ಕೆ ಕಡಿಮೆ ಇದ್ದರೆ ಅವರ ನೋಟ್‌ಬುಕ್ಕಿಗೆ ಪ್ರವೇಶವಿಲ್ಲ. ಗ್ರ್ಯಾಂಡಿಲೋಕ್ವೆನ್ಸ್, ವೆಂಟ್ರಿಲೋಕ್ವಿಸಮ್, ಕ್ವಿನ್‌ಕ್ವಜೆನೇರಿಯನ್, ಸೆಸ್ಕ್ವಿಪಿಡೇಲಿಯನ್. ಈ ಕೊನೆಯದಕ್ಕೆ ಒಂದೂವರೆ ಅಡಿ ಉದ್ದದ್ದು ಅಂತ ಅರ್ಥವಂತೆ. ಸೈನ್ ಕ್ವಾ ನಾನ್, ಕ್ವಿಡ್ ಪ್ರೊ ಕ್ವೋ ಥರದ, ಲ್ಯಾಟಿನ್ನಿನಿಂದ ಬಂದ ನುಡಿಗಟ್ಟುಗಳಿಗೆ ಬೇರೆ ನೋಟ್‌ಬುಕ್ಕು. ನಂಜನಗೂಡಿನಿಂದ ನರಸೀಪುರಕ್ಕೆ ದಿನಾ ಬಸ್ಸಿನಲ್ಲಿ ಓಡಾಡುವ ಮನುಷ್ಯ ಬೋಂಡ ಸುತ್ತಿಕೊಟ್ಟ ಪೇಪರನ್ನೂ ಬಿಡುತ್ತಿರಲಿಲ್ಲ, ಗೊಬ್ಬರದ ಚೀಲವನ್ನೂ ಬಿಡುತ್ತಿರಲಿಲ್ಲ. ಪದದ ಮುಂದೆ ಅದು ಸಿಕ್ಕ ಜಾಗ, ತಾರೀಖು ಬರೆಯುತ್ತಿದ್ದರು. ಅವರ ಹೆಂಡತಿ ಚಂಪಕ ಅವರಿಗೆ ಕೀಲುನೋವು ಶುರುವಾದಾಗ ಡಾಕ್ಟರು ಕೊಟ್ಟ ಮಾತ್ರೆಯ ಹೆಸರು ಹೈಡ್ರಾಕ್ಸಿಕ್ಲೋರೋಕ್ವಿನ್. ಹದಿನೆಂಟು ಅಕ್ಷರ. ಆಕೆ ಮಂಡಿ ಹಿಡಿದು ನರಳುತ್ತಿದ್ದರೆ ಈ ಪುಣ್ಯಾತ್ಮ ಮಾತ್ರೆ ಪಟ್ಟಿ ಹಿಡಿದು ಬೆಳಕಿಗೆ ಓಡಿದರಂತೆ. ಇದನ್ನು ಚಂಪಕ ಅವರೇ ನಗುತ್ತ ಹೇಳಿದ್ದು.

ಪ್ರಾರ್ಥನೆಗೆ ಮುಂಚೆ ಗೇಟಿನ ಪಕ್ಕದ ಕರಿಹಲಗೆಯ ಮೇಲೆ ದಿನಕ್ಕೊಂದು ಪದ ಬರೆಯುವುದು ಅವರ ಪದ್ಧತಿ. ಮೇಲೆ ಪದ, ಕೆಳಗೆ ಅರ್ಥ. ನಮ್ಮ ಸಂಸ್ಥೆಯ ಸೆಕ್ರೆಟರಿ ಮಲ್ಲಿಕಾರ್ಜುನ್ ರೈಸ್ ಮಿಲ್ಲಿನ ಮಾಲೀಕರು. ಒಂದು ದಿನ ಕಾರು ನಿಲ್ಲಿಸಿ ಹಲಗೆ ನೋಡಿದರು. "ಅರ್ತ ಗಿರ್ತ ಬ್ಯಾಡಿ ಸಾ, ಜಾಗ ತಿಂತದೆ. ಪದನ ದಪ್ಪುಕ್ಕೆ ಬರೀರಿ, ರೋಡಿಗೆ ಕಾಣ್ಲಿ" ಅಂದರು. ಮಾರನೆಯ ದಿನದಿಂದ ಅರ್ಥ ಹೋಯಿತು. ಪದ ದಪ್ಪವಾಯಿತು. ರೋಡಿಗೆ ಕಂಡಿತು.

ಸ್ಕೂಲ್ ಡೇ ಬಂದರಂತೂ ಮುಗಿಯಿತು. ಮುಡುಕುತೊರೆ ಕಡೆಯಿಂದ ಬಂದ ಆರನೇ ಕ್ಲಾಸಿನ ಮಗುವೊಂದನ್ನು ಮೈಕಿನ ಮುಂದೆ ನಿಲ್ಲಿಸುವುದು, ಅದು ಉಸಿರು ಬಿಡದೆ ಒಂದಾದ ಮೇಲೊಂದು ಹತ್ತು ಉದ್ದುದ್ದ ಪದ ಹೇಳುವುದು, ಕೆಳಗೆ ಕೂತ ಅಪ್ಪ ಅಮ್ಮಂದಿರು ಬಾಯಿ ಬಿಟ್ಟುಕೊಂಡು ಕೇಳಿ ಚಪ್ಪಾಳೆ ಹೊಡೆಯುವುದು. ಮುಖ್ಯ ಅತಿಥಿಗಳೂ ಹೊಡೆಯುತ್ತಿದ್ದರು. ಅವರಿಗೂ ಅರ್ಥವಾಗಿರುತ್ತಿರಲಿಲ್ಲ. ಮುಂದಿನ ಜೂನಿನಲ್ಲಿ ಅಡ್ಮಿಷನ್ನಿಗೆ ಸಾಲು. ನಾನು ಅದೇ ವೇದಿಕೆಯ ಮೇಲೆ ಮಕ್ಕಳಿಂದ ಹಳಗನ್ನಡ ಪದ್ಯ ಹೇಳಿಸುವಾಗ ಜನ ಎದ್ದು ಟೀ ಕುಡಿಯಲು ಹೋಗುತ್ತಿದ್ದರು. ಹೊಟ್ಟೆಕಿಚ್ಚು ಇರಲಿಲ್ಲ ಅಂದರೆ ಸುಳ್ಳಾಗುತ್ತದೆ. "ಕ್ಯೂ ಹಿಂದೆ ಯಾವಾಗಲೂ ಯೂ ಬರಲೇಬೇಕಂತೆ ಕಣ್ರೀ, ಸೆಕ್ರೆಟರಿ ಹಿಂದೆ ಡ್ರೈವರ್ ಬಂದ ಹಾಗೆ" ಅಂತ ಸ್ಟಾಫ್ ರೂಮಿನಲ್ಲಿ ಚಟಾಕಿ ಹಾರಿಸಿ ಎಲ್ಲರನ್ನೂ ನಗಿಸುತ್ತಿದ್ದೆ. ಚಕ್ರಪಾಣಿಯೂ ನಗುತ್ತಿದ್ದರು. ಅವರ ಮೇಲೆ ಮಾಡಿದ ಹಾಸ್ಯಕ್ಕೆ ಅವರೇ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು.

ಹಾಗಂತ ನಮಗೆ ಅವರಿಂದ ತೊಂದರೆ ಏನೂ ಇರಲಿಲ್ಲ. ನನ್ನ ಹೆಂಡತಿ ರುದ್ರಮ್ಮನಿಗೆ ಆಪರೇಷನ್ ಆದಾಗ ಮೂರು ವಾರ ನನ್ನ ಪೀರಿಯಡ್ಡುಗಳನ್ನೆಲ್ಲ ಅವರೇ ತೆಗೆದುಕೊಂಡರು. ಕನ್ನಡ ವ್ಯಾಕರಣ ನನಗಿಂತ ಚೆನ್ನಾಗಿ ಹೇಳಿಕೊಟ್ಟರು ಅಂತ ಮಕ್ಕಳು ಹೇಳಿದರು. ಅದೂ ನನಗೆ ಸೇರಲಿಲ್ಲ.

ಕಾಲ ತಿರುಗಿತು. ಪಕ್ಕದಲ್ಲೇ ಹೊಸ ಶಾಲೆಗಳು ಬಂದವು, ಅಲ್ಲಿ ಮಕ್ಕಳು ಟಸ್ಸು ಪುಸ್ಸು ಅಂತ ಮಾತಾಡುತ್ತವೆ ಅನ್ನುವ ಸುದ್ದಿ ಬಂತು. ಗೋವಿಂದಮ್ಮ ಅಂತ ಒಬ್ಬ ಅಜ್ಜಿ ಮೊಮ್ಮಗನ ಕೈ ಹಿಡಿದುಕೊಂಡು ಸೀದಾ ಆಫೀಸಿಗೆ ಬಂದರು. "ಸಾ, ನಮ್ ಐದ ಇವ್ನು, ನನ್ ಮೊಮ್ಮಗ, ಮಾರುದ್ದುದ್ ಮಾತೆಲ್ಲ ಯೋಳ್ತನೆ. ಮೈಸೂರಲ್ಲಿ ಓಟ್ಲಿಗೆ ಓದ್ರೆ ಒಂದ್ ಲೋಟ ನೀರ್ ಕೊಡಿ ಅಂತ ಇಂಗ್ಲೀಸ್ನಲ್ಲಿ ಕೇಳಕ್ ಬರ್ನಿಲ್ಲ. ಇನ್ಯಾನ್ ಕಲ್ಸೀರಿ ನೀವು?" ಅಂದರು. ಅಜ್ಜಿಯ ಮಾತು ಊರೆಲ್ಲ ಹರಡಿತು. ನಿಜ ಹೇಳಬೇಕು ಅಂದರೆ ನೀರು ಕೇಳುವ ಇಂಗ್ಲಿಷು ಚಕ್ರಪಾಣಿಗೂ ಸಲೀಸಾಗಿ ಬರುತ್ತಿರಲಿಲ್ಲ. ಇನ್‌ಸ್ಪೆಕ್ಷನ್ನಿಗೆ ಬಂದವರು ಇಂಗ್ಲಿಷಿನಲ್ಲಿ ಏನಾದರೂ ಕೇಳಿದರೆ ಕುತ್ತಿಗೆ ಕೆಂಪಾಗಿ ಯೆಸ್ ಸಾರ್, ನೋ ಸಾರ್ ಅಂತ ನಿಂತುಬಿಡುತ್ತಿದ್ದರು. ಅವರ ಇಂಗ್ಲಿಷೆಲ್ಲ ಬರವಣಿಗೆಯಲ್ಲೇ.

೨೦೧೯ರ ಏಪ್ರಿಲ್. ನಮಗಿಬ್ಬರಿಗೂ ಐವತ್ತಾರು ವರ್ಷ. ಸಂಸ್ಥೆಯ ನಿಯಮದ ಪ್ರಕಾರ ಐವತ್ತೆಂಟಕ್ಕೆ ನಿವೃತ್ತಿ. ಪರೀಕ್ಷೆ ಮುಗಿದ ವಾರ ಸೆಕ್ರೆಟರಿ ಇಬ್ಬರನ್ನೂ ಕರೆಸಿದರು. "ಹೊಸ ಪ್ರಿನ್ಸಿಪಾಲ್ ಮೇಡಂ ಜೂನ್‌ಗೆ ಬತ್ತಾರೆ, ಮೈಸೂರೋರು. ಹೊಸ ಟೀಚರ್ಸ್‌ನೂ ತಗೋತೀವಿ. ಹಳಬ್ರು ನೀವಿಬ್ರು ಉಳ್ದಿದ್ದೀರಿ. ಒಬ್ರುನ್ನ ಮಡಿಕೋತೀವಿ, ಒಬ್ರು ದಯವಿಟ್ಟು ಬುಟ್ಕೊಡಿ. ಏನಾರ ಯೋಳದಿದ್ರೆ ಬರ್ದು ಕೊಡಿ, ಕಮಿಟೀಲಿ ಮಡಗ್ತೀನಿ" ಅಂದರು. ಹೊರಗೆ ಬಂದ ಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ನನ್ನ ಮಗಳು ನಯನ ಆಗ ಮೈಸೂರಿನಲ್ಲಿ ನರ್ಸಿಂಗ್ ಎರಡನೇ ವರ್ಷ. ನಾನು ಅವತ್ತು ಸಂಜೆಯೇ ಅರ್ಜಿ ಬರೆದೆ. ಅರ್ಧ ಪುಟ. ಆ ಅರ್ಧ ಪುಟದಲ್ಲಿ ನನ್ನ ಸೇವೆ, ನನ್ನ ಕಷ್ಟ, ನನ್ನ ಸಂಸಾರ. ಬೇರೆಯವರ ಮಾತೇ ಇರಲಿಲ್ಲ. ಬರೆದು ಮುಗಿಸಿದ ಮೇಲೆ ಸ್ವಲ್ಪ ದೊಡ್ಡತನ ಮೆರೆಯೋಣ ಅಂತ ಚಕ್ರಪಾಣಿಯವರಿಗೆ ಹೇಳಿದೆ: "ಕಮಿಟಿಯವರಿಗೆ ಇಂಗ್ಲಿಷು ಎಲ್ಲಿ ಬರುತ್ತೆ? ನಿಮ್ಮದನ್ನೂ ಕನ್ನಡದಲ್ಲಿ ನಾನೇ ಬರೆದುಕೊಡ್ತೀನಿ."

"ಬೇಡ" ಅಂದರು. "ಇದನ್ನ ನಾನೇ ಇಂಗ್ಲಿಷಲ್ಲಿ ಬರೀಬೇಕು. ನಿಮ್ಮ ಕೈಲಿ ಬರೆಸೋ ಹಾಗಿಲ್ಲ."

ನನ್ನ ಕೈಲಿ ಬರೆಸೋ ಹಾಗಿಲ್ಲ! ಊರಿಗೆಲ್ಲ ಅರ್ಜಿ, ಲಗ್ನಪತ್ರಿಕೆ, ಬಿನ್ನವತ್ತಳೆ ಬರೆದುಕೊಟ್ಟ ಕೈ ಇದು. ಹಮ್ಮು ನೋಡು ಅಂದುಕೊಂಡೆ. ಕೆಲಸ ಹೋಗುವ ಹೊತ್ತಿಗೂ ಇಂಗ್ಲಿಷಿನ ಪೊಗರು ಇಳಿದಿಲ್ಲ. ಅವರು ಮೂರು ದಿನ ಸ್ಟಾಫ್ ರೂಮಿನ ಮೂಲೆಯಲ್ಲಿ ಡಿಕ್ಷನರಿ ಇಟ್ಟುಕೊಂಡು ಬರೆದರು, ಹೊಡೆದುಹಾಕಿದರು, ಮತ್ತೆ ಬರೆದರು. ನಾನು ಹತ್ತಿರ ಹೋದರೆ ಹಾಳೆಯ ಮೇಲೆ ಕೈ ಮುಚ್ಚುತ್ತಿದ್ದರು. ಅದು ನನ್ನನ್ನು ಇನ್ನಷ್ಟು ಉರಿಸಿತು.

ಕಮಿಟಿ ಸೇರಿದ ದಿನ ಹಳೆಯ ಹೆಡ್‌ಮಾಸ್ಟರು ಆಗಲೇ ಬಿಟ್ಟು ಹೋಗಿದ್ದರು, ಹೊಸಬರು ಬಂದಿರಲಿಲ್ಲ. ಮಿಲ್ಲಿನವರು, ಸಿಮೆಂಟ್ ಅಂಗಡಿಯವರು, ಬಟ್ಟೆ ಅಂಗಡಿಯವರು, ಇನ್ನೂ ಇಬ್ಬರು. ಇಂಗ್ಲಿಷ್ ಮೀಡಿಯಂ ಶಾಲೆ ನಡೆಸುವ ಐದೂ ಜನರಲ್ಲಿ ಒಬ್ಬರಿಗೂ ಆ ಪತ್ರ ಓದಲು ಬರಲಿಲ್ಲ. ಸೆಕ್ರೆಟರಿ ನನ್ನನ್ನು ಒಳಗೆ ಕರೆಸಿದರು. ಚಕ್ರಪಾಣಿ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ನಾನು ಅವರನ್ನು ದಾಟಿಕೊಂಡು ಒಳಗೆ ಹೋದೆ.

"ಮೇಷ್ಟ್ರೇ, ಇದೇನ್ ಬರ್ದವ್ರೆ ವಸಿ ಓದಿ ಕನ್ನಡ್ದಲ್ಲಿ ಯೋಳಿ" ಅಂತ ಪತ್ರ ಕೈಗೆ ಕೊಟ್ಟರು.

ನಾಲ್ಕು ಪುಟ. ಮುತ್ತಿನಂಥ ಕೂಡಕ್ಷರ. ಮೊದಲ ಸಾಲಿನಲ್ಲಿ ರಿಕ್ವೆಸ್ಟ್ ಅನ್ನುವುದು ಗೊತ್ತಾಯಿತು. ಎರಡನೆಯ ಸಾಲಿನಲ್ಲಿ ಎರಡು ಕಡೆ ಕ್ಯೂ. ಮೂರನೆಯ ಸಾಲಿನಲ್ಲಿ ಒಂದೂವರೆ ಅಡಿಯ ಪದವೊಂದು ಅಡ್ಡ ಮಲಗಿತ್ತು. ಅದರಾಚೆ ನನ್ನ ಕಣ್ಣು ಹೋಗಲಿಲ್ಲ. ಬರುವುದಿಲ್ಲ ಅನ್ನಬಹುದಿತ್ತು. ಆದರೆ ಐದು ಜನ ನನ್ನ ಮುಖವನ್ನೇ ನೋಡುತ್ತಿದ್ದರು. ಇಂಗ್ಲಿಷ್ ಓದಲು ಬಾರದ ಮೇಷ್ಟ್ರನ್ನು ಉಳಿಸಿಕೊಳ್ಳುವುದು ಯಾಕೆ ಅಂತ ಅವರಿಗೆ ಆ ಕ್ಷಣವೇ ಅನ್ನಿಸಿದರೆ? ಕಣ್ಣಾಡಿಸುವ ನಾಟಕ ಮಾಡಿದೆ. ತಲೆಯಾಡಿಸಿದೆ. ಕೆಲಸ ಕಳೆದುಕೊಳ್ಳುವ ಮೇಷ್ಟ್ರು ಇನ್ನೇನು ಬರೆದಾನು?

"ಇನ್ನೆರಡು ವರ್ಷ ನನ್ನನ್ನೇ ಇಟ್ಟುಕೊಳ್ಳಿ ಅಂತ ಬೇಡಿಕೊಂಡಿದ್ದಾರೆ" ಅಂದೆ.

"ಅಷ್ಟೇಯಾ? ನಾಕ್ ಪುಟಕ್ಕೆ ಅಷ್ಟೇಯಾ?" ಅಂದರು ಸಿಮೆಂಟಿನವರು.

"ಅಷ್ಟೇ. ಬೇಡೋದಕ್ಕೂ ಉದ್ದ ಬೇಕಲ್ಲ ಅವರಿಗೆ" ಅಂದೆ ನಾನು.

ಎಲ್ಲರೂ ಗೊಳ್ಳೆಂದು ನಕ್ಕರು. ನಾನೂ ನಕ್ಕೆ. ಸಣ್ಣಗೆ ನಗಲಿಲ್ಲ, ಸ್ಟಾಫ್ ರೂಮಿನಲ್ಲಿ ನಗುವ ಹಾಗೆ ಬಾಯಿ ತುಂಬ ನಕ್ಕೆ.

ಚಕ್ರಪಾಣಿಯವರನ್ನು ಒಳಗೆ ಕರೆದರು. ಸೆಕ್ರೆಟರಿ ನಗು ಒರೆಸಿಕೊಂಡು, "ಏನ್ ಸಾ, ಇನ್ನೆರಡ್ ವರ್ಸ ಮಡಿಕೊಳ್ಳಿ ಅಂತ ಬೇಡ್ಕೊಂಡಿದ್ದೀರಂತೆ. ಸ್ವಾಮೇರು ಓದಿ ಯೋಳುದ್ರು" ಅಂದರು. ಚಕ್ರಪಾಣಿ ನನ್ನ ಕಡೆ ತಿರುಗಿದರು. ನನ್ನ ಕೈಯಲ್ಲಿದ್ದ ಪತ್ರವನ್ನು ನೋಡಿದರು, ನನ್ನ ಮುಖ ನೋಡಿದರು. ನಾನು ಫ್ಯಾನು ನೋಡಿದೆ.

"ಹೌದು" ಅಂದರು ಅವರು. "ಅವರು ಹೇಳಿದ ಹಾಗೇ."

ಸೆಕ್ರೆಟರಿ ಕಾಲು ಗಂಟೆ ಬುದ್ಧಿ ಹೇಳಿದರು. ವಯಸ್ಸಾದವರು ಗೌರವವಾಗಿ ಜಾಗ ಬಿಡಬೇಕು, ಹೀಗೆ ಕೈಯೊಡ್ಡಬಾರದು, ಮಕ್ಕಳಿಗೆ ನೀವು ಕಲಿಸಿದ್ದು ಯಾವ ಕೆಲಸಕ್ಕೆ ಬಂತು, ಇಂಥವು. ಚಕ್ರಪಾಣಿ ನಿಂತೇ ಕೇಳಿದರು, ಯಾರೂ ಕೂರಿ ಅನ್ನಲಿಲ್ಲ. ಆಮೇಲೆ ಕೈ ಮುಗಿದು ಹೊರಟರು. ಪತ್ರ ನನ್ನ ಕೈಯಲ್ಲೇ ಉಳಿಯಿತು. ಹೊಸ ಮೇಡಂ ಬಂದು ಅದನ್ನು ಓದಿದರೆ ನನ್ನ ಬಂಡವಾಳ ಬಯಲಾಗುತ್ತದೆ ಅಂತ ಫೈಲಿಗೆ ಹಾಕದೆ ಜೇಬಿಗೆ ಹಾಕಿಕೊಂಡೆ. ಮನೆಗೆ ತಂದು ಒಂದು ನಿಘಂಟಿನೊಳಗೆ ಇಟ್ಟೆ. ಮತ್ತೆ ತೆಗೆದು ನೋಡುವ ಧೈರ್ಯ ಬರಲಿಲ್ಲ.

ಬೀಳ್ಕೊಡುಗೆ ನಡೆಯಿತು. ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ. ಬಿನ್ನವತ್ತಳೆ ಬರೆಯುವುದು ಯಾವಾಗಲೂ ಕನ್ನಡ ಮೇಷ್ಟ್ರ ಕೆಲಸ. ಆಂಗ್ಲಭಾಷಾ ವಿಶಾರದ, ಶಬ್ದಸಾಗರ ಸಂಚಾರಿ, ಶಿಷ್ಯಕೋಟಿ ಹೃದಯಸಿಂಹಾಸನಾಧೀಶ್ವರ, ಹೀಗೆ ನನಗೆ ಗೊತ್ತಿದ್ದ ಸಮಾಸಗಳನ್ನೆಲ್ಲ ಸುರಿದು ನಾನೇ ಓದಿದೆ. ಅವರ ಪದ ಉದ್ದ ಅಂತ ನಕ್ಕವನು ನಾನು. ಅವರ ಪದಗಳಿಗೆ ಅರ್ಥವಾದರೂ ಇತ್ತು. ಕೆಳಗಿಳಿದಾಗ ಕೈ ಮುಂದೆ ಚಾಚಿದೆ. ಅವರು ಹಣ್ಣಿನ ಬುಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು, ತಲೆ ಬಗ್ಗಿಸಿ ಹೋದರು.

ಮರುವರ್ಷ ಕೊರೋನಾ ಬಂತು. ಆ ಮಾತ್ರೆಯ ಹೆಸರು, ಆ ಹದಿನೆಂಟು ಅಕ್ಷರದ್ದು, ಟೀವಿಯವರ ಬಾಯಲ್ಲಿ, ಮೆಡಿಕಲ್ ಸ್ಟೋರಿನ ಮುಂದೆ ನಿಂತವರ ಬಾಯಲ್ಲಿ ಎಲ್ಲೆಲ್ಲೂ. ಫೋನು ಮಾಡೋಣ ಅನ್ನಿಸಿತು. ನಂಬರು ತೆಗೆದೆ, ಒತ್ತಲಿಲ್ಲ. ನಾನು ೨೦೨೧ರಲ್ಲಿ ನಿವೃತ್ತನಾದೆ. ನಯನ ಅಷ್ಟರಲ್ಲಿ ಓದು ಮುಗಿಸಿ ಮೈಸೂರಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆದಳು. ಕೇರಳದ ಗೆಳತಿಯರ ಜೊತೆ ಫೋನಿನಲ್ಲಿ ಇಂಗ್ಲಿಷಿನಲ್ಲೇ ಹರಟುತ್ತಾಳೆ.

ಹೋದ ವರ್ಷ ರಜಕ್ಕೆ ಬಂದವಳು ನನ್ನ ಪುಸ್ತಕದ ಕಪಾಟು ಒರೆಸುತ್ತಿದ್ದಾಗ ನಿಘಂಟಿನಿಂದ ಪತ್ರ ಬಿತ್ತು. "ಏನಪ್ಪಾಜಿ ಇದು, ಇಷ್ಟ್ ಚೆನ್ನಾಗ್ ಬರ್ದವ್ರೆ ಯಾರೋ?" ಅಂತ ಓದತೊಡಗಿದಳು. ಕಸಿದುಕೊಳ್ಳಲು ಹೋದವನು ಯಾಕೋ ಸುಮ್ಮನಾದೆ. ಐದು ವರ್ಷದ ಮೇಲೆ ಇನ್ನೇನು ಅಂತ ಕೂತೆ. ಗೊತ್ತಿಲ್ಲದ ಪದ ಬಂದರೆ ಫೋನಿನಲ್ಲಿ ನೋಡಿ ಹೇಳುತ್ತ ಹೋದಳು. ಎರಡು ಪುಟ ಶಾಲೆಯ ಹಳೆಯ ನೆನಪು. ಮೂರನೆಯ ಪುಟಕ್ಕೆ ಬಂದವಳು ನಿಂತಳು.

"ಅಪ್ಪಾಜಿ, ಇದು ನನ್ ವಿಷ್ಯ."

ಇಬ್ಬರಲ್ಲಿ ಒಬ್ಬರನ್ನೇ ಇಟ್ಟುಕೊಳ್ಳುವುದಾದರೆ ನಾನು ನನ್ನ ಜಾಗವನ್ನು ರಿಲಿಂಕ್ವಿಶ್ ಮಾಡುತ್ತೇನೆ, ಅಂದರೆ ಬಿಟ್ಟುಕೊಡುತ್ತೇನೆ, ಅಂತ ಬರೆದಿದ್ದರು ಚಕ್ರಪಾಣಿ. ಶ್ರೀ ಗಂಗಾಧರಸ್ವಾಮಿಯವರು ಈ ಶಾಲೆಗೆ ಸೈನ್ ಕ್ವಾ ನಾನ್, ಅವರಿಲ್ಲದೆ ನಡೆಯದು. ಅವರ ಪತ್ನಿಗೆ ಶಸ್ತ್ರಚಿಕಿತ್ಸೆಯಾಗಿದೆ. ಮಗಳು ನರ್ಸಿಂಗ್ ಓದುತ್ತಿದ್ದಾಳೆ, ಬುದ್ಧಿವಂತೆ, ಆ ಹುಡುಗಿಯ ಓದು ನಿಲ್ಲಬಾರದು. ನನ್ನ ಮಗಳು ಸಿಂಧುವಿನ ಮದುವೆಯಾಗಿದೆ, ನನಗೆ ಮನೆಪಾಠ ಸಾಕು. ನಾಲ್ಕನೆಯ ಪುಟದ ಕೊನೆಯ ಸಾಲಿನಲ್ಲಿ ಮಾತ್ರ ಉದ್ದದ ಪದ ಒಂದೂ ಇರಲಿಲ್ಲ. ಅದನ್ನು ಓದಲು ನನಗೆ ಮಗಳೂ ಬೇಕಾಗಲಿಲ್ಲ. ಪ್ಲೀಸ್ ಡೂ ನಾಟ್ ಟೆಲ್ ಹಿಮ್. ಅವರಿಗೆ ಹೇಳಬೇಡಿ.

ಮೂರನೆಯ ಪುಟದಲ್ಲಿ ನನ್ನ ಹೆಸರು ಇಂಗ್ಲಿಷಿನಲ್ಲಿ ನಾಲ್ಕು ಕಡೆ ಇತ್ತು. ಇಂಗ್ಲಿಷಿನಲ್ಲಿ ನನ್ನ ಹೆಸರು ಓದಲು ನನಗೆ ಬರುತ್ತದೆ. ಅವತ್ತು ಹಾಳೆ ಮಗುಚಿದ್ದರೆ ಸಾಕಿತ್ತು. ಕಮಿಟಿಯಲ್ಲಿ ನಡೆದದ್ದನ್ನು ನಯನಳಿಗೆ ನಾನೇ ಹೇಳಿದೆ. ಕೇಳಿ ಎದ್ದು ಒಳಗೆ ಹೋದಳು, ಅವತ್ತು ನನಗೆ ಊಟಕ್ಕೆ ಬಡಿಸಿದವಳು ರುದ್ರಮ್ಮ.

ಮಾರನೆಯ ದಿನ ಬೆಳಗ್ಗೆ ನಂಜನಗೂಡಿನ ಬಸ್ಸು ಹತ್ತಿದೆ. ಬಾಗಿಲು ತೆಗೆದ ಚಂಪಕ ಅವರು, "ಬನ್ನಿ, ಎಷ್ಟು ವರ್ಷ ಆಯ್ತು ನೋಡಿ" ಅಂದರು. ಅವರಿಗೆ ಏನೂ ಗೊತ್ತಿರಲಿಲ್ಲ ಅಂತ ಆ ಮಾತಿನಲ್ಲೇ ತಿಳಿಯಿತು. ಚಕ್ರಪಾಣಿ ಹಜಾರದಲ್ಲಿ ಪೇಪರು ಓದುತ್ತಿದ್ದರು. ತೆಳ್ಳಗಾಗಿದ್ದರು. ಕೂರಿ ಅಂತ ಕೈ ತೋರಿಸಿದರು. ಹೆಂಡತಿ ಒಳಗೆ ಹೋದ ಮೇಲೆ ನಾನು ಪತ್ರವನ್ನು ಟೀಪಾಯಿಯ ಮೇಲಿಟ್ಟೆ.

"ಓದಿದೆ" ಅಂದೆ. "ನಾನಲ್ಲ, ಮಗಳು ಓದಿ ಹೇಳಿದಳು."

ಅವರು ಅದನ್ನು ಮುಟ್ಟಲಿಲ್ಲ. "ಅವಳ ಓದು ಮುಗೀತಾ?"

"ಮುಗೀತು. ಕೆಲಸದಲ್ಲಿದ್ದಾಳೆ. ಅವತ್ತೇ ಯಾಕೆ ಹೇಳಲಿಲ್ಲ ಚಕ್ರಪಾಣಿಯವರೇ? ನಾನು ಬರೆದದ್ದು ಅದಲ್ಲ ಅಂತ ಒಂದು ಮಾತು ಅಂದಿದ್ದರೆ..."

"ಅಂದಿದ್ರೆ ನೀವು ಓದದೇ ಸುಳ್ಳು ಹೇಳಿದ್ರಿ ಅಂತ ಆಗ್ತಿತ್ತು. ಇಬ್ಬರನ್ನೂ ಕಳಿಸ್ತಿದ್ರು. ಬರೆದದ್ದೆಲ್ಲ ದಂಡ ಆಗ್ತಿತ್ತು."

ಅವರ ಕೈ ಹಿಡಿದುಕೊಳ್ಳಲು ಹೋದೆ. ಅವರು ಕೈಯನ್ನು ತೊಡೆಯ ಮೇಲಕ್ಕೆ ಎಳೆದುಕೊಂಡರು.

"ಓದಕ್ಕೆ ಬರಲಿಲ್ಲ, ಮಾನ ಉಳಿಸಿಕೊಂಡ್ರಿ. ಅದನ್ನ ನಾನು ಅಲ್ಲೇ ಬಿಟ್ಟುಬಿಟ್ಟೆ. ನನಗೂ ಎಷ್ಟೋ ಸಲ ಹಾಗೇ ಆಗಿದೆ" ಅಂದರು. ದನಿ ಏರಿರಲಿಲ್ಲ. "ಆದ್ರೆ ನಾನು ಹೊರಗೆ ಬೆಂಚಿನ ಮೇಲಿದ್ದೆ ಸ್ವಾಮಿಗಳೇ. ಒಳಗೆ ಎಲ್ಲಾ ನಕ್ಕರು. ಆ ಅಂಗಡಿಯವರ ನಗು ಯಾರದು ಯಾವುದು ಅಂತ ನನಗೆ ಗೊತ್ತಿಲ್ಲ. ನಿಮ್ಮ ನಗು ಗೊತ್ತು. ಇಪ್ಪತ್ತಾರು ವರ್ಷ ಎದುರಿಗೆ ಕೂತು ಕೇಳಿದೀನಿ."

ಚಂಪಕ ಅವರು ಕಾಫಿ ತಂದಿಟ್ಟು, ರುದ್ರಮ್ಮ ಹೇಗಿದ್ದಾರೆ ಅಂತ ಕೇಳಿದರು. ಚೆನ್ನಾಗಿದ್ದಾಳೆ ಅಂದೆ. ಆಕೆ ಒಳಗೆ ಹೋಗುವವರೆಗೂ ಚಕ್ರಪಾಣಿ ಕಾದರು.

"ಕಾಫಿ ತಗೊಳ್ಳಿ. ಕುಡಿದು ಹೊರಡಿ. ಇನ್ನೊಂದು ಸಲ ಬರಬೇಡಿ."

ಕುಡಿದೆ. ಲೋಟ ಖಾಲಿಯಾಗುವವರೆಗೆ ಅವರು ಎದುರಿಗೇ ಕೂತಿದ್ದರು. ಆಮೇಲೆ ಎದ್ದು ಹೋಗಿ ತಾವೇ ಬಾಗಿಲು ತೆಗೆದರು.